ರಾಮಾಮಾತ್ಯನ ಆರು ಮೆಟ್ಟಿಲು: ಹಳೇ ವೀಣೆಗೆ 1550ರ ಮೇಳ ಕಟ್ಟಿದ್ದು

ಮನೆಯಲ್ಲಿದ್ದ ಹಳೇ ವೀಣೆಯ ಮೇಣ ಒಣಗಿ ಬಿರುಕು ಬಿಟ್ಟಿತ್ತು. ನಾಲ್ಕಾರು ಮೆಟ್ಟಿಲು ಬೆರಳಿಟ್ಟರೆ ಅಲ್ಲಾಡುತ್ತಿದ್ದವು. ಸ್ವರದ ಜೊತೆಗೆ ಕಿರ್ ಅನ್ನುವ ಸದ್ದೂ ಬರುತ್ತಿತ್ತು. ಮೇಳ, ಅಂದರೆ ಮೇಣದ ಮೇಲೆ ಕೂರಿಸಿದ ಮೆಟ್ಟಿಲುಗಳ ಸಾಲು, ಬಿಚ್ಚಿ ಹೊಸದಾಗಿ ಕಟ್ಟದೆ ಬೇರೆ ದಾರಿ ಇರಲಿಲ್ಲ. ಹೇಗೂ 24 ಮೆಟ್ಟಿಲನ್ನೂ ಕೀಳುವುದೇ ಆಯಿತಲ್ಲ, ಮತ್ತೆ 24 ಕೂರಿಸುವ ಮುಂಚೆ ಬಹಳ ದಿನದ ಆಸೆಯೊಂದನ್ನು ತೀರಿಸಿಕೊಳ್ಳೋಣ ಅನ್ನಿಸಿತು. ವಿಜಯನಗರದ ರಾಮಾಮಾತ್ಯ 1550ರಲ್ಲಿ ಬರೆದ 'ಸ್ವರಮೇಳಕಲಾನಿಧಿ'ಯಲ್ಲಿ ಶುದ್ಧಮೇಳ ವೀಣೆಯ ವಿವರ ಇದೆ. ಯಾವ ತಂತಿಗೆ ಯಾವ ಸ್ವರ, ಯಾವ ಮೆಟ್ಟಿಲಲ್ಲಿ ಏನು ನುಡಿಯಬೇಕು, ಎಲ್ಲ ಹೇಳಿದ್ದಾನೆ. ಅದನ್ನು ಓದುವುದು ಬೇರೆ, ಮೇಣ ಕರಗಿಸಿ ಕೂರಿಸಿ ಕಿವಿಯಲ್ಲಿ ಕೇಳುವುದು ಬೇರೆ ಅಲ್ವಾ?

ಯೂರೋಪಿನವರು ಈ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತಿದ್ದಾರೆ. ವಿಯೆನ್ನಾದಲ್ಲಿ ನಿಕೊಲಾಸ್ ಹಾರ್ನೊನ್‌ಕೂರ್ 1953ರಲ್ಲೇ ಹಳೇ ವಾದ್ಯಗಳ ತಂಡ ಕಟ್ಟಿದರು. ಇವತ್ತು ಬಾಖ್ ಕಾಲದ ಸಂಗೀತಕ್ಕೆ ಪಿಟೀಲಿಗೆ ಕರುಳಿನ ತಂತಿ ಹಾಕಿ, ಶ್ರುತಿಯನ್ನು 440ರಿಂದ 415 ಹರ್ಟ್ಜ್‌ಗೆ ಇಳಿಸಿ ನುಡಿಸುವುದು ಅಲ್ಲಿ ಮಾಮೂಲು. ನಮ್ಮಲ್ಲಿ ಲಕ್ಷಣಗ್ರಂಥಗಳ, ಅಂದರೆ ಹಳೇ ಸಂಗೀತಶಾಸ್ತ್ರ ಪುಸ್ತಕಗಳ, ಬಗ್ಗೆ ಒಳ್ಳೊಳ್ಳೆ ಸಂಶೋಧನೆ ನಡೆದಿದೆ. ಆದರೆ ಅದು ಬಹುಮಟ್ಟಿಗೆ ಪುಸ್ತಕದಲ್ಲೇ ಉಳಿದಿದೆ. ವೀಣೆಯ ಮೆಟ್ಟಿಲು ಮೇಣದ ಮೇಲೆ ಕೂರುವಂಥದ್ದು. ಬಿಸಿ ಮಾಡಿದರೆ ಸರಿಯುತ್ತದೆ, ಮನಸ್ಸು ಬದಲಾದರೆ ಮತ್ತೆ ಸರಿಸಬಹುದು. ಇಷ್ಟು ಸುಲಭವಾಗಿ ಹಳೇ ಶ್ರುತಿಯನ್ನು ಪರೀಕ್ಷೆ ಮಾಡುವ ಅವಕಾಶ ಎಷ್ಟು ವಾದ್ಯಗಳಿಗಿದೆ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನದು ರಾಮಾಮಾತ್ಯನ ಕಾಲದ ವೀಣೆ ಅಲ್ಲ. ದೊಡ್ಡ ಕೊಡ, ಅಗಲ ದಂಡಿ, ಎರಡು ಸ್ಥಾಯಿಗೆ 24 ಮೆಟ್ಟಿಲು ಇರುವ ಈ ರೂಪಕ್ಕೆ ತಂಜಾವೂರಿನ ರಘುನಾಥ ನಾಯಕನ ಹೆಸರು ಅಂಟಿಕೊಂಡಿದೆ. ಅವನು ಆಳಿದ್ದು 17ನೇ ಶತಮಾನದ ಮೊದಲ ಭಾಗದಲ್ಲಿ. ಆದ್ದರಿಂದ ಇಲ್ಲಿ ನಾದದ ಬಣ್ಣದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಪರೀಕ್ಷೆ ಮಾಡಿದ್ದು ತಂತಿ ಶ್ರುತಿ ಮತ್ತು ಮೆಟ್ಟಿಲಿನ ಜಾಗ, ಇವೆರಡನ್ನು ಮಾತ್ರ.

ರಾಮಾಮಾತ್ಯ ಹೇಳುವುದೇನು

ಈತ ಸಂಗೀತರತ್ನಾಕರ ಅನ್ನುವ ಹಳೇ ಶಾಸ್ತ್ರಗ್ರಂಥಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನ ಮೊಮ್ಮಗ. ಅಳಿಯ ರಾಮರಾಯನ ಆಶ್ರಯದಲ್ಲಿ ಈ ಪುಸ್ತಕ ಬರೆದ. ಐದು ಪ್ರಕರಣಗಳಲ್ಲಿ ಮೂರನೆಯದು ಪೂರ್ತಿ ವೀಣೆಗೆ. ಶುದ್ಧಮೇಳ ವೀಣೆ, ಮಧ್ಯಮೇಳ ವೀಣೆ, ಅಚ್ಯುತರಾಜೇಂದ್ರ ಮೇಳ ವೀಣೆ ಅಂತ ಮೂರು ಬಗೆ. ಮೂರನೆಯದರಲ್ಲಿರುವುದು ಅಚ್ಯುತರಾಯನ ಹೆಸರು.

ಶುದ್ಧಮೇಳ ವೀಣೆಗೆ ನಾಲ್ಕು ಮುಖ್ಯ ತಂತಿ. ದಪ್ಪದ್ದರಿಂದ ಎಣಿಸಿದರೆ ಅನುಮಂದ್ರ ಸ, ಅನುಮಂದ್ರ ಪ, ಮಂದ್ರ ಸ, ಮಂದ್ರ ಮ. ಮಂದ್ರ ಅಂದರೆ ಕೆಳಸ್ಥಾಯಿ, ಅನುಮಂದ್ರ ಅದಕ್ಕೂ ಒಂದು ಸ್ಥಾಯಿ ಕೆಳಗೆ. ಮೆಟ್ಟಿಲು ಆರು. ಮೊದಲ ತಂತಿಯ ಮೇಲೆ ಆರು ಮೆಟ್ಟಿಲಲ್ಲಿ ಕ್ರಮವಾಗಿ ಬರುವುದು ಶುದ್ಧ ರಿ, ಶುದ್ಧ ಗ, ಸಾಧಾರಣ ಗ, ಚ್ಯುತಮಧ್ಯಮ ಗ, ಶುದ್ಧ ಮ, ಚ್ಯುತಪಂಚಮ ಮ. ಎರಡನೇ ತಂತಿಯ ಮೇಲೆ ಶುದ್ಧ ಧ, ಶುದ್ಧ ನಿ, ಕೈಶಿಕಿ ನಿ, ಚ್ಯುತಷಡ್ಜ ನಿ, ಸ, ಶುದ್ಧ ರಿ. ಮೂರನೆಯದು ಮೊದಲನೆಯದರ ಹಾಗೇ, ಒಂದು ಸ್ಥಾಯಿ ಮೇಲೆ. ನಾಲ್ಕನೆಯದರ ಮೇಲೆ ಚ್ಯುತಪಂಚಮ ಮ, ಪ, ಶುದ್ಧ ಧ, ಶುದ್ಧ ನಿ, ಕೈಶಿಕಿ ನಿ, ಚ್ಯುತಷಡ್ಜ ನಿ.

ಹೆಸರು ಕೇಳಿ ಗಾಬರಿ ಬೇಡ. ಚ್ಯುತಮಧ್ಯಮ ಗ ಅಂದರೆ ಇವತ್ತಿನ ಅಂತರ ಗಾಂಧಾರದ ಜಾಗದಲ್ಲಿ ಬರುವ ಸ್ವರ. ಚ್ಯುತಷಡ್ಜ ನಿ ಇವತ್ತಿನ ಕಾಕಲಿಯ ಜಾಗದ್ದು. ಚ್ಯುತಪಂಚಮ ಮ ನಮ್ಮ ಪ್ರತಿಮಧ್ಯಮ. ಶುದ್ಧ ಗ ಮತ್ತು ಇವತ್ತಿನ ಚತುಶ್ರುತಿ ರಿ ಒಂದೇ ಮೆಟ್ಟಿಲು.

ಮೇಣದ ಕೆಲಸ

ಮೊದಲು ತಂತಿ ಸಡಿಲ ಮಾಡಿ ತೆಗೆದೆ. ಹಿತ್ತಾಳೆ ಮೆಟ್ಟಿಲುಗಳನ್ನು ಒಂದೊಂದಾಗಿ ಬಿಡಿಸಿ, ಕ್ರಮ ತಪ್ಪದ ಹಾಗೆ ಒಂದು ಹಲಗೆಯ ಮೇಲೆ ಜೋಡಿಸಿಟ್ಟೆ. ಪ್ರತಿಯೊಂದರ ಅಡಿಭಾಗದಲ್ಲಿ ಸಂಖ್ಯೆ ಗೀಚಿದೆ. ದಂಡಿಯ ಎರಡೂ ಅಂಚಿಗೆ ಓಡುವ ಮೇಣದ ದಿಂಡನ್ನು ಅಗಲ ಉಳಿಯಿಂದ ಎಬ್ಬಿಸಿದರೆ ತುಂಡುತುಂಡಾಗಿ ಬಂತು. ಮರಕ್ಕೆ ಏಟು ಬೀಳದ ಹಾಗೆ ಉಳಿಯನ್ನು ಮಲಗಿಸಿ ಹಿಡಿಯಬೇಕು, ಅಷ್ಟೇ.

ಹಳೇ ಮೇಣವನ್ನು ಬಿಸಾಡಬೇಡಿ. ಕರಗಿಸಿ ಬಟ್ಟೆಯಲ್ಲಿ ಸೋಸಿದರೆ ಅರ್ಧಕ್ಕಿಂತ ಜಾಸ್ತಿ ಮತ್ತೆ ಕೆಲಸಕ್ಕೆ ಬರುತ್ತದೆ. ಅದಕ್ಕೆ ಹೊಸ ಜೇನುಮೇಣ, ಪುಡಿ ಮಾಡಿದ ರಾಳ, ನುಣ್ಣಗೆ ಜರಡಿ ಹಿಡಿದ ಇದ್ದಿಲ ಪುಡಿ ಸೇರಿಸಬೇಕು. ನೇರ ಉರಿಯ ಮೇಲೆ ಪಾತ್ರೆ ಇಡುವ ಸಾಹಸ ಬೇಡ, ರಾಳ ಮತ್ತು ಮೇಣ ಎರಡಕ್ಕೂ ಬೆಂಕಿ ಬೇಗ ಹತ್ತುತ್ತದೆ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ರಾಳ ಜಾಸ್ತಿಯಾದರೆ ಮೇಣ ಗಾಜಿನ ಹಾಗೆ ಸಿಡಿಯುತ್ತದೆ, ಮೆಟ್ಟಿಲು ಕಚ್ಚಿ ಕೂರುವುದಿಲ್ಲ. ಕಡಿಮೆಯಾದರೆ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ, ನುಡಿಸುವಾಗಲೇ ಮೆಟ್ಟಿಲು ಜರುಗುತ್ತದೆ. ಹದ ನೋಡಲು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಉಗುರಿನಿಂದ ಒತ್ತುತ್ತೇನೆ. ಗುರುತು ಬೀಳಬೇಕು, ಆದರೆ ಉಗುರು ಒಳಗೆ ಇಳಿಯಬಾರದು.

ಈ ಹದ ಹೇಳಿಕೊಟ್ಟವರು ಮೈಸೂರಿನ ಒಬ್ಬ ಹಿರಿಯರು. ಮೇಳ ಕಟ್ಟುವುದೇ ಅವರ ಕಸುಬು. ನನ್ನ ಯೋಜನೆ ಕೇಳಿ, "ಆರೇ ಮೆಟ್ಟಿಲಾ ಸಾರ್? ಆರರಲ್ಲಿ ಎರಡು ಸ್ಥಾಯಿ ಹೆಂಗೆ ಬರುತ್ತೆ?" ಅಂದರು. "ನಾಲ್ಕೂ ತಂತಿ ಬಳಸಬೇಕು ಯಜಮಾನ್ರೇ, ಸಾರಣಿಯೊಂದೇ ಅಲ್ಲ," ಅಂದೆ. (ಸಾರಣಿ ಅಂದರೆ ಇವತ್ತು ಮುಖ್ಯವಾಗಿ ನುಡಿಸುವ, ಅತಿ ತೆಳ್ಳಗಿನ ತಂತಿ.) ಸ್ವಲ್ಪ ಹೊತ್ತು ಯೋಚಿಸಿ, "ಕಟ್ಟಿ ತೋರಿಸಿ, ನಾನೂ ಕೇಳ್ತೀನಿ," ಅಂದರು.

ಒಂದೇ ತಂತಿ ಏರಿಸಿದರೆ ಸಾಕು

ಇದನ್ನು ಲೆಕ್ಕ ಹಾಕಿದಾಗ ನನಗೆ ತುಂಬ ಖುಷಿಯಾಯಿತು. ಇವತ್ತಿನ ವೀಣೆಯ ಶ್ರುತಿ ದಪ್ಪ ತಂತಿಯಿಂದ ಪ, ಸ, ಪ, ಸ. ರಾಮಾಮಾತ್ಯನ ಮಧ್ಯಮೇಳ ವೀಣೆಯೂ ಹೀಗೇ ಇತ್ತು. ಅಂದರೆ ನಾವು ಇವತ್ತು ನುಡಿಸುತ್ತಿರುವುದು ಅದರ ವಂಶವನ್ನೇ. ಶುದ್ಧಮೇಳಕ್ಕೆ ಬೇಕಾದ್ದು ಸ, ಪ, ಸ, ಮ. ಈಗ ಅತಿ ದಪ್ಪ ತಂತಿಯ ಪಂಚಮವನ್ನೇ ಷಡ್ಜ ಅಂತ ಇಟ್ಟುಕೊಳ್ಳಿ. ಆಗ ಪ ಸ ಪ ಸ ಅನ್ನುವುದು ಸ ಮ ಸ ಮ ಆಗುತ್ತದೆ. ಬದಲಾಗಬೇಕಾದ್ದು ಎರಡನೆಯದು ಮಾತ್ರ, ಮಧ್ಯಮದಿಂದ ಪಂಚಮಕ್ಕೆ. ಅಂದರೆ ಈಗ ಮಂದ್ರ ಅಂತ ಕರೆಯುವ ತಂತಿಯನ್ನು ಒಂದು ಪೂರ್ಣಸ್ವರ ಏರಿಸಿದರೆ ಮುಗಿಯಿತು. ಉಳಿದ ಮೂರನ್ನು ಮುಟ್ಟಬೇಕಾಗಿಲ್ಲ.

ಪೂರ್ಣಸ್ವರ ಏರಿಸಿದರೆ ಆ ತಂತಿಯ ಬಿಗಿತ ಕಾಲು ಭಾಗಕ್ಕಿಂತ ಜಾಸ್ತಿ ಹೆಚ್ಚುತ್ತದೆ. ಹಳೇ ತಂತಿಯನ್ನು ಅಷ್ಟು ಎಳೆಯಲು ಮನಸ್ಸು ಬರಲಿಲ್ಲ. ಒಂದು ಅಳತೆ ತೆಳ್ಳಗಿನದು ಹಾಕಿದೆ. ನನ್ನ ವೀಣೆಯ ಸಾರಣಿ ಹಾರ್ಮೋನಿಯಂನ ಮೂರನೇ ಬಿಳಿ ಮನೆಗೆ ನಿಲ್ಲುತ್ತದೆ. ಅದೀಗ ಮ ಆಯಿತು, ಷಡ್ಜ ಏಳನೇ ಬಿಳಿ ಮನೆಗೆ ಬಂತು. ಪಕ್ಕದಲ್ಲಿ ತಾಳಕ್ಕೆ ಮೀಟುವ ಮೂರು ತಂತಿಗಳನ್ನೂ ಹೊಸ ಸ, ಪಗಳಿಗೆ ಹೊಂದಿಸಿದೆ.

ಕಿವಿಯಿಂದ ಮೆಟ್ಟಿಲು ಕೂರಿಸುವುದು

ಮೇರುವಿನಿಂದ ಕುದುರೆಗೆ, ಅಂದರೆ ತಂತಿ ಆತುಕೊಳ್ಳುವ ಮೇಲ್ತುದಿಯ ಅಡ್ಡಪಟ್ಟಿಯಿಂದ ಕೊಡದ ಮೇಲಿನ ಆಸರೆಗೆ, ನನ್ನ ವೀಣೆಯಲ್ಲಿ 81 ಸೆಂಟಿಮೀಟರ್. ಲೆಕ್ಕಕ್ಕೆ ಇದು ಬಹಳ ಅನುಕೂಲದ ಉದ್ದ. ಆದರೆ ಮೊದಲು ಕಿವಿ, ಆಮೇಲೆ ಅಳತೆಪಟ್ಟಿ ಅಂತ ನಿರ್ಧರಿಸಿದ್ದೆ. ಈ ನಾಲ್ಕು ತಂತಿಗಳ ಹೊಂದಿಕೆಯಲ್ಲೇ ಪ್ರತಿ ಮೆಟ್ಟಿಲಿನ ಜಾಗವೂ ಅಡಗಿದೆ. ಒಂದು ತಂತಿಯಲ್ಲಿ ಸಿಕ್ಕ ಸ್ವರವನ್ನು ಇನ್ನೊಂದು ತಂತಿಗೆ ಹೊಂದಿಸುತ್ತ ಹೋದರೆ ಆಯಿತು.

ಶುರು ಎರಡನೇ ಮೆಟ್ಟಿಲಿನಿಂದ. ನಾಲ್ಕನೇ ತಂತಿಯಲ್ಲಿ ಅಲ್ಲಿ ಪಂಚಮ ಬರಬೇಕು, ಎರಡನೇ ತಂತಿಯ ಖಾಲಿ ಪಂಚಮಕ್ಕೆ ಸರಿಯಾಗಿ ಒಂದು ಸ್ಥಾಯಿ ಮೇಲೆ. ಎರಡನ್ನೂ ಒಟ್ಟಿಗೆ ಮೀಟಿ, ನಾದ ಅಲೆಅಲೆಯಾಗುವುದು ನಿಲ್ಲುವ ತನಕ ಮೆಟ್ಟಿಲು ಸರಿಸುವುದು. ಸರಿಸುವ ರೀತಿ ಹೀಗೆ: ಬೆಸುಗೆ ಕಡ್ಡಿಯ ಬಿಸಿ ತುದಿಯನ್ನು ಮೆಟ್ಟಿಲಿನ ಒಂದು ಕೊನೆಗೆ ತಾಗಿಸಿ ಹಿಡಿದರೆ ಅಡಿಯ ಮೇಣ ಒಮ್ಮೆಗೇ ಹೊಳಪಾಗುತ್ತದೆ. ಆ ಹೊಳಪು ಇರುವಷ್ಟು ಹೊತ್ತು ಮಾತ್ರ ಹೆಬ್ಬೆರಳ ಉಗುರಿನಿಂದ ತಳ್ಳಬಹುದು. ಹೊಳಪು ಮಾಸಿದ ಮೇಲೆ ತಳ್ಳಿದರೆ ಮೇಣ ಸೀಳುತ್ತದೆ. ಪೂರ್ತಿ ತಣ್ಣಗಾಗುವ ತನಕ ಸ್ವರ ನೋಡಿ ಪ್ರಯೋಜನವಿಲ್ಲ. ಬಿಸಿ ಮೇಣದ ಮೇಲೆ ಒತ್ತಿದರೆ ಮೆಟ್ಟಿಲು ತಗ್ಗುತ್ತದೆ, ಸ್ವರ ಬದಲಾಗುತ್ತದೆ.

ಎರಡನೇ ಮೆಟ್ಟಿಲು ಕೂತಿತೆಂದರೆ ಎರಡನೇ ತಂತಿಯಲ್ಲಿ ಶುದ್ಧ ನಿ ತಾನಾಗಿ ಸಿಕ್ಕಿತು. ಅದರ ಮೇಲಿನ ಸ್ಥಾಯಿಯ ನಿ ನಾಲ್ಕನೇ ತಂತಿಯಲ್ಲಿ ಸಿಗುವ ಕಡೆ ನಾಲ್ಕನೇ ಮೆಟ್ಟಿಲು. ಐದನೆಯದು ಸುಲಭ: ಎರಡನೇ ತಂತಿಯಲ್ಲಿ ಒತ್ತಿದಾಗ ಮೂರನೇ ಖಾಲಿ ತಂತಿಯ ಷಡ್ಜವೇ ಕೇಳಬೇಕು. ಮೂರನೇ ತಂತಿಯಲ್ಲಿ ಒತ್ತಿದರೆ ನಾಲ್ಕನೇ ತಂತಿಯ ಮಧ್ಯಮವೇ ಕೇಳಬೇಕು. ಎರಡೂ ಒಂದೇ ಜಾಗದಲ್ಲಿ ಹೊಂದಿದವು. ಐದನೇ ಮೆಟ್ಟಿಲಿಂದ ನಾಲ್ಕನೇ ತಂತಿಯಲ್ಲಿ ಕೈಶಿಕಿ ನಿ ಸಿಕ್ಕಿತು, ಅದರ ಕೆಳಸ್ಥಾಯಿಯನ್ನು ಎರಡನೇ ತಂತಿಯಲ್ಲಿ ಹುಡುಕಿದರೆ ಅದೇ ಮೂರನೇ ಮೆಟ್ಟಿಲು. ಮೂರನೇ ಮೆಟ್ಟಿಲಿಂದ ನಾಲ್ಕನೇ ತಂತಿಯಲ್ಲಿ ಶುದ್ಧ ಧ, ಅದರ ಕೆಳಸ್ಥಾಯಿಯಿಂದ ಒಂದನೇ ಮೆಟ್ಟಿಲು. ಕೊನೆಗೆ ಆರನೆಯದು: ಎರಡನೇ ತಂತಿಯಲ್ಲಿ ಅಲ್ಲಿ ಬರುವ ಶುದ್ಧ ರಿ, ಮೂರನೇ ತಂತಿಯ ಒಂದನೇ ಮೆಟ್ಟಿಲಿನ ರಿಗೆ ಸಮ ಇರಬೇಕು.

ಇಷ್ಟಾದ ಮೇಲೆ ಲೆಕ್ಕ ತೆಗೆದೆ. 81 ಸೆಂಟಿಮೀಟರ್ ತಂತಿಗೆ ಮೇರುವಿನಿಂದ ದೂರ ಹೀಗೆ ಬರಬೇಕು: ಒಂದನೆಯದು 4.1, ಎರಡನೆಯದು 9, ಮೂರನೆಯದು 12.7, ನಾಲ್ಕನೆಯದು 17, ಐದನೆಯದು 20.25, ಆರನೆಯದು 23.3 ಸೆಂಟಿಮೀಟರ್. ಕಿವಿಯಿಂದ ಕೂರಿಸಿದವು ಎಲ್ಲವೂ ಇದಕ್ಕಿಂತ ಒಂಚೂರು ಮೇರುವಿನ ಕಡೆಗೇ ಕೂತಿವೆ. ಬೆರಳಿಂದ ಒತ್ತುವಾಗ ತಂತಿ ಬಿಗಿಯಾಗಿ ಸ್ವರ ಏರುತ್ತದಲ್ಲ, ಆ ಏರಿಕೆಯನ್ನು ಕಿವಿ ತಾನೇ ಸರಿದೂಗಿಸಿದೆ. ಬರೀ ಅಳತೆಪಟ್ಟಿ ನಂಬಿ ಕೂರಿಸಿದರೆ ಎಲ್ಲ ಸ್ವರವೂ ಸ್ವಲ್ಪ ಜಾಸ್ತಿ ನುಡಿಯುತ್ತವೆ.

ಆರನೇ ಮೆಟ್ಟಿಲಿನ ಜಗಳ

ಈಗ ಅಸಲಿ ವಿಷಯ. ಚ್ಯುತಷಡ್ಜ ನಿ ಎರಡು ಕಡೆ ಸಿಗುತ್ತದೆ. ಎರಡನೇ ತಂತಿಯ ನಾಲ್ಕನೇ ಮೆಟ್ಟಿಲಲ್ಲಿ ಕೆಳಗಿನ ನಿ, ನಾಲ್ಕನೇ ತಂತಿಯ ಆರನೇ ಮೆಟ್ಟಿಲಲ್ಲಿ ಮೇಲಿನ ನಿ. ಎರಡೂ ಒಂದೇ ಸ್ವರದ ಎರಡು ಸ್ಥಾಯಿ. ಒಟ್ಟಿಗೆ ಮೀಟಿದೆ. ಹೊಂದಲಿಲ್ಲ. ಮೇಲಿನ ನಿ ಸ್ಪಷ್ಟವಾಗಿ ತಗ್ಗು.

ಎಲ್ಲ ಮೆಟ್ಟಿಲೂ ಸ-ಪ, ಸ-ಮ ಸಂಬಂಧಗಳಿಂದಲೇ ಹುಟ್ಟಿವೆ. ಎರಡು ಮತ್ತು ನಾಲ್ಕು ಒಂದು ದಿಕ್ಕಿನಲ್ಲಿ ಪಂಚಮಗಳನ್ನು ಏರುತ್ತ ಬಂದವು. ಐದು, ಮೂರು, ಒಂದು, ಆರು ಇನ್ನೊಂದು ದಿಕ್ಕಿನಲ್ಲಿ ಇಳಿಯುತ್ತ ಬಂದವು. ಎರಡು ದಾರಿಯೂ ಇದೇ ನಿಷಾದದಲ್ಲಿ ಎದುರುಬದುರಾಗುತ್ತವೆ. ಪಂಚಮದ ಚಕ್ರ ಪೂರ್ತಿ ಕೂಡುವುದಿಲ್ಲವಾದ್ದರಿಂದ (ಹನ್ನೆರಡು ಪಂಚಮ ಏರಿದರೂ ಹೊರಟ ಸ್ವರಕ್ಕೇ ಸರಿಯಾಗಿ ಬಂದು ನಿಲ್ಲುವುದಿಲ್ಲ) ನಡುವೆ ಸುಮಾರು 23 ಸೆಂಟ್ ಬಿರುಕು ಉಳಿಯುತ್ತದೆ. ಅರ್ಧಸ್ವರದ ಹೆಚ್ಚುಕಮ್ಮಿ ಕಾಲು ಭಾಗ. ನನ್ನ ದಂಡಿಯ ಮೇಲೆ ಅದು 8 ಮಿಲಿಮೀಟರ್, ಕಣ್ಣಿಗೆ ಕಾಣುವಷ್ಟು.

ಏನು ಮಾಡುವುದು? ಆರನೇ ಮೆಟ್ಟಿಲನ್ನು 8 ಮಿಲಿಮೀಟರ್ ಕುದುರೆಯ ಕಡೆ ಸರಿಸಿದರೆ ನಿಷಾದ ಸರಿಹೋಗುತ್ತದೆ. ಆದರೆ ಎರಡನೇ ತಂತಿಯ ರಿ, ಒಂದು ಮತ್ತು ಮೂರನೇ ತಂತಿಯ ಪ್ರತಿಮಧ್ಯಮ ಎರಡೂ ಏರುತ್ತವೆ. ಮೆಟ್ಟಿಲನ್ನು ಓರೆಯಾಗಿ ಕೂರಿಸಿಯೂ ನೋಡಿದೆ. ಎರಡನೇ ಮತ್ತು ನಾಲ್ಕನೇ ತಂತಿಗಳ ನಡುವೆ ಇರುವ ಸ್ವಲ್ಪ ಜಾಗದಲ್ಲಿ ಅಷ್ಟು ಓರೆ ಕೊಟ್ಟರೆ ಬೆರಳು ನಿಲ್ಲುವುದಿಲ್ಲ. ತಂತಿ ಎಳೆದಾಗ ನಾದವೂ ಕೆಡುತ್ತದೆ.

ಕೊನೆಗೆ ಉಳಿಸಿಕೊಂಡದ್ದು ತಗ್ಗಿನ ಜಾಗವನ್ನೇ. ಕಾರಣ ಸರಳ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಏರುತ್ತದೆ, ಇಳಿಸುವ ಉಪಾಯ ಇಲ್ಲ. ಮೆಟ್ಟಿಲು ತಗ್ಗಿದ್ದರೆ ಬೆರಳು ಸರಿಮಾಡಬಲ್ಲದು. ಜಾಸ್ತಿ ಇದ್ದರೆ ಕೈಲಾಗುವುದಿಲ್ಲ. 23 ಸೆಂಟ್ ಅಂದರೆ ಬಹಳ ಸಣ್ಣ ಎಳೆತ. ನಿಷಾದದ ಮೇಲೆ ನಿಲ್ಲುವಾಗ ಕೈ ಹೇಗೂ ಸ್ವಲ್ಪ ಎಳೆಯುತ್ತದೆ.

ಒಂದೇ ರಾಗಕ್ಕೆ ಮೆಟ್ಟಿಲು ಕಟ್ಟುವ ಏಕರಾಗ ಮೇಳ, ಎಲ್ಲ ರಾಗಕ್ಕೂ ಆಗುವ ಸರ್ವರಾಗ ಮೇಳ ಅಂತ ರಾಮಾಮಾತ್ಯ ಎರಡು ಬಗೆ ಹೇಳುತ್ತಾನೆ. ಅದು ಯಾಕೆ ಬೇಕಿತ್ತು ಅನ್ನುವುದು ಈ ಆರನೇ ಮೆಟ್ಟಿಲಿನ ಜೊತೆ ಗುದ್ದಾಡಿದ ಮೇಲೆ ನನಗೆ ಚೆನ್ನಾಗಿ ಅರ್ಥವಾಯಿತು. ಒಂದೇ ರಾಗ ನುಡಿಸುವುದಾದರೆ ಮೆಟ್ಟಿಲನ್ನು ಬೇಕಾದಲ್ಲಿ ಇಡಬಹುದು. ಎಲ್ಲವೂ ಬೇಕು ಅಂದರೆ ಎಲ್ಲೋ ಒಂದು ಕಡೆ ರಾಜಿ ಆಗಲೇಬೇಕು. ಮುಂದೆ 17ನೇ ಶತಮಾನದ ಶಾಸ್ತ್ರಕಾರ ವೆಂಕಟಮಖಿ ಈತನನ್ನು ಬಹಳ ಕಟುವಾಗಿ ಟೀಕಿಸಿದ. ಆದರೆ ಅವನೂ ತನ್ನ ಚತುರ್ದಂಡೀಪ್ರಕಾಶಿಕೆಯನ್ನು ಶುರು ಮಾಡುವುದು ವೀಣಾ ಪ್ರಕರಣದಿಂದಲೇ. ಮೆಟ್ಟಿಲು ಕೂರಿಸದೆ ಮೇಳದ ಮಾತಾಡುವಂತಿಲ್ಲ ಅನ್ನುವುದರಲ್ಲಿ ಇಬ್ಬರೂ ಒಂದೇ.

ಗಾಂಧಾರ

ಇನ್ನೊಂದು ಕಡೆಯೂ ಕಿವಿ ತಕರಾರು ತೆಗೆಯಿತು. ನಾಲ್ಕನೇ ಮೆಟ್ಟಿಲಿನ ಗಾಂಧಾರ. ತಂಬೂರಿ ಚೆನ್ನಾಗಿ ಕೂಡಿದ್ದರೆ ಷಡ್ಜದೊಳಗೆ ಗಾಂಧಾರ ತಾನಾಗಿ ಕೇಳುತ್ತದಲ್ಲ, ಈ ಮೆಟ್ಟಿಲಿನದು ಅದಕ್ಕಿಂತ ಮೇಲೆ, ಮಧ್ಯಮಕ್ಕೆ ಹತ್ತಿರ. ವ್ಯತ್ಯಾಸ ಸುಮಾರು 21 ಸೆಂಟ್. ತಂಬೂರಿಯ ಗಾಂಧಾರಕ್ಕೆ ಮೆಟ್ಟಿಲು ಇಡಬೇಕಾದರೆ 16.2 ಸೆಂಟಿಮೀಟರ್‌ನಲ್ಲಿ ಇಡಬೇಕು. ನಾಲ್ಕನೇ ಮೆಟ್ಟಿಲಿಗೆ ಅಲ್ಲಿಂದ ಮತ್ತೆ ಬರೀ 8 ಮಿಲಿಮೀಟರ್.

ಹಳೇ ಶಾಸ್ತ್ರದ ಅಂತರ ಗ, ಕಾಕಲಿ ನಿಗಳಿಗೆ ಬೇರೆ ಮೆಟ್ಟಿಲು ಬೇಡ, ಚ್ಯುತಮಧ್ಯಮ ಗ ಮತ್ತು ಚ್ಯುತಷಡ್ಜ ನಿಗಳೇ ಅವುಗಳ ಬದಲಿಗೆ ಸಾಕು ಅಂತ ರಾಮಾಮಾತ್ಯ ಬರೆದಿದ್ದಾನೆ. ಶಾಸ್ತ್ರ ಸಡಿಲ ಮಾಡಿದ ಅಂತ ಇದನ್ನು ಆಕ್ಷೇಪಿಸುವವರಿದ್ದಾರೆ. ನಾನು 8 ಮಿಲಿಮೀಟರ್ ಅಂತರದಲ್ಲಿ ಎರಡು ಮೆಟ್ಟಿಲು ಇಟ್ಟು ನೋಡಿದೆ. ಹಿಂದಿನ ಮೆಟ್ಟಿಲನ್ನು ಒತ್ತಲು ಬೆರಳಿಗೆ ಜಾಗವೇ ಸಿಗುವುದಿಲ್ಲ. ಎಳೆದರೆ ತಂತಿ ಮುಂದಿನದಕ್ಕೆ ತಗಲಿ ಗರ್ ಅನ್ನುತ್ತದೆ. ನನ್ನ ಮಟ್ಟಿಗೆ ಅದು ವೀಣೆ ಹಿಡಿದು ಬಲ್ಲವನ ಮಾತು.

ನುಡಿಸಿದಾಗ

ಮೊದಲು ಮಾಳವಗೌಳ ಮೇಳ, ನಮ್ಮ ಮಾಯಾಮಾಳವಗೌಳ. (ಇಲ್ಲಿ ಮೇಳ ಅಂದರೆ ರಾಗಗಳಿಗೆ ಮೂಲವಾದ ಸ್ವರಗಳ ಸಾಲು.) ಖಾಲಿ ತಂತಿ, ಒಂದು, ನಾಲ್ಕು, ಐದು: ಸ ರಿ ಗ ಮ. ಮುಂದಿನ ತಂತಿಗೆ ದಾಟಿದರೆ ಮತ್ತೆ ಖಾಲಿ, ಒಂದು, ನಾಲ್ಕು, ಐದು: ಪ ಧ ನಿ ಸ. ಕೈ ಒಂದೇ, ಬೆರಳು ಒಂದೇ, ತಂತಿ ಮಾತ್ರ ಬೇರೆ. ಇವತ್ತಿನ ವೀಣೆಯಲ್ಲಿ ಸಾರಣಿ ಮೇಲೆ ಉದ್ದಕ್ಕೂ ಓಡಿ ನುಡಿಸುವ ಸರಳೆ ಇಲ್ಲಿ ಎರಡು ತಂತಿಯೊಳಗೆ, ಅಂಗೈ ಅಲ್ಲಾಡಿಸದೆ ಮುಗಿಯುತ್ತದೆ. ಪೂರ್ವಾಂಗ (ಸ ರಿ ಗ ಮ), ಉತ್ತರಾಂಗ (ಪ ಧ ನಿ ಸ) ಜೋಡಿಯಾಗಿವೆ ಅಂತ ಪಾಠದಲ್ಲಿ ಕೇಳಿದ್ದು ಬೆರಳಿಗೇ ತಿಳಿಯಿತು.

ಇದರಿಂದ ನುಡಿಸುವ ರೀತಿಯೂ ಬದಲಾಗುತ್ತದೆ. ಪ್ರತಿ ಮೂರು-ನಾಲ್ಕು ಸ್ವರಕ್ಕೊಮ್ಮೆ ತಂತಿ ದಾಟಬೇಕಾದ್ದರಿಂದ ಉದ್ದ ಜಾರು ಕಡಿಮೆ. ಖಾಲಿ ಪಂಚಮ, ಖಾಲಿ ಷಡ್ಜ ಪದೇಪದೇ ಮೊಳಗುತ್ತವೆ, ಸ್ವರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಆ ಕಾಲದವರು ಹೀಗೇ ನುಡಿಸುತ್ತಿದ್ದರು ಅಂತ ನಾನು ಹೇಳಲಾರೆ. ಈ ಶ್ರುತಿ, ಈ ಮೆಟ್ಟಿಲು ಕೈಯನ್ನು ಆ ಕಡೆ ತಳ್ಳುತ್ತವೆ ಅನ್ನುವುದಂತೂ ನಿಜ.

ಆಮೇಲೆ ಮಲಹರಿಯ ಪಿಳ್ಳಾರಿ ಗೀತೆ. ಮಲಹರಿಯನ್ನು ರಾಮಾಮಾತ್ಯನೂ ಮಾಳವಗೌಳ ಮೇಳದಲ್ಲೇ ಸೇರಿಸಿದ್ದಾನೆ. ಅದರಲ್ಲಿ ನಿಷಾದವೇ ಇಲ್ಲವಾದ್ದರಿಂದ ಆರನೇ ಮೆಟ್ಟಿಲಿನ ಜಗಳವೇ ಬರುವುದಿಲ್ಲ. ಎರಡೂ ಸ್ಥಾಯಿಯಲ್ಲಿ ಒಂದು ಸ್ವರವೂ ಅತ್ತಿತ್ತ ಆಗದೆ ಹೊಂದಿತು. ಮಕ್ಕಳಿಗೆ ಮೊದಲ ಗೀತೆಯಾಗಿ ಕಲಿಸುವ ರಾಗ, ವಿಜಯನಗರದ ವೀಣೆಯ ಮೇಲೆ ಯಾವ ತಿದ್ದುಪಡಿಯೂ ಇಲ್ಲದೆ ಕೂತದ್ದು ಕಂಡು ಮನಸ್ಸು ತುಂಬಿತು.

ಶ್ರೀರಾಗ ಮೇಳವೂ ಹಾಗೇ ಸಲೀಸು. ಖಾಲಿ, ಎರಡು, ಮೂರು, ಐದು, ಮುಂದಿನ ತಂತಿಯಲ್ಲೂ ಅದೇ. ಮೇಲೆ ನಾಲ್ಕನೇ ತಂತಿಯಲ್ಲಿ ಎರಡು, ನಾಲ್ಕು, ಐದು: ಪ ಧ ನಿ. ಆರನೆಯದರ ಅಗತ್ಯವೇ ಇಲ್ಲ. ಮೇಲಿನ ಷಡ್ಜಕ್ಕಾಗಿ 27 ಸೆಂಟಿಮೀಟರ್ ಹತ್ತಿರ ಏಳನೇ ಮೆಟ್ಟಿಲೊಂದನ್ನು ಸೇರಿಸಿದ್ದೇನೆ.

ಮೇಳ ಕಟ್ಟುವ ಯಜಮಾನರು ಬಂದು ಕೇಳಿದರು. ಮಲಹರಿಗೆ ತಲೆದೂಗಿದರು. ಗಾಂಧಾರ ಕೇಳಿ ಮಾತ್ರ, "ಇದು ಜಾಸ್ತಿ ಆಯ್ತು ಸಾರ್, ಒಂದು ಗೆರೆ ಹಿಂದಕ್ಕೆ ಬರಲಿ," ಅಂದರು. ಕಿವಿಯಿಂದಲೇ ಆ ವ್ಯತ್ಯಾಸ ಹಿಡಿದರು. 24 ಮೆಟ್ಟಿಲಿನ ಮೇಳ ಬೇಸಿಗೆ ಕಳೆದ ಮೇಲೆ ಅವರ ಕೈಯಲ್ಲೇ ಕಟ್ಟಿಸುತ್ತೇನೆ. ಅಲ್ಲಿಯವರೆಗೆ ಈ ಏಳು ಮೆಟ್ಟಿಲು ಹೀಗೇ ಇರುತ್ತವೆ. ಮುಂದೆ ಮುಖಾರಿ ಮೇಳ. ರಾಮಾಮಾತ್ಯನಿಗೆ ಏಳೂ ಶುದ್ಧ ಸ್ವರಗಳ ಮೇಳ ಅಂದರೆ ಅದೇ, ನಮ್ಮ ಕನಕಾಂಗಿಯ ಸ್ವರಗಳು. ಅದಕ್ಕೂ ಆರನೇ ಮೆಟ್ಟಿಲು ಬೇಕಾಗಿಲ್ಲ.